ಎಷ್ಟು ಬೇಗ ಬೆಳ್ಳಗಾಗುತ್ತದೆ ಅನ್ನುವುದರಲ್ಲೇ ಇದೆ ಕ್ರೀಂನ ಗುಟ್ಟು

ಕಾರವಾರದ ಭಾನುವಾರದ ಸಂತೆ ಇರಲಿ, ಶಿರಸಿಯ ಫ್ಯಾನ್ಸಿ ಸ್ಟೋರ್ ಇರಲಿ, ಬೆಳ್ಳಗಾಗುವ ಕ್ರೀಂ ಕೊಳ್ಳಲು ಬಂದವರು ಮೊದಲು ಕೇಳುವುದು ಹೆಚ್ಚಾಗಿ ಒಂದೇ ಮಾತು. "ಅಕ್ಕಾ, ಇದು ಎಷ್ಟು ದಿನಕ್ಕೆ ಗೊತ್ತಾಗ್ತದೆ?" ಬೆಲೆ, ಕಂಪನಿ ಎಲ್ಲ ಆಮೇಲೆ. "ವಾರದಲ್ಲೇ ಫರಕ್ ಕಾಣ್ತದೆ ನೋಡು" ಅಂದರೆ ವ್ಯಾಪಾರ ಮುಗಿಯಿತು.

ಆ ಉತ್ತರ ಕೇಳಿದ ಕೂಡಲೇ ಡಬ್ಬಿಯನ್ನು ಅಲ್ಲೇ ಇಟ್ಟು ಬರುವುದು ಒಳ್ಳೆಯದು. ವಾರದಲ್ಲಿ ಮುಖದ ಬಣ್ಣ ನಿಜವಾಗಿಯೂ ತಿಳಿಯಾದರೆ, ಆ ಕ್ರೀಂನಲ್ಲಿ ಇರಬಾರದ್ದು ಏನೋ ಇದೆ ಅಂತಲೇ ತಿಳಿಯಬೇಕು. ಹೀಗೆ ಯಾಕೆ ಹೇಳುತ್ತೇನೆ ಅನ್ನುವುದು ತೊಗಲು ಕೆಲಸ ಮಾಡುವ ರೀತಿ ಗೊತ್ತಾದರೆ ಅರ್ಥವಾಗುತ್ತದೆ.

ನಮ್ಮ ಮೈಬಣ್ಣಕ್ಕೆ ಕಾರಣ ಮೆಲನಿನ್ ಅನ್ನುವ ವಸ್ತು. ಚರ್ಮದ ಮೇಲ್ಪದರದ ತಳಭಾಗದಲ್ಲಿ ಇದನ್ನು ತಯಾರಿಸುವ ಜೀವಕೋಶಗಳಿವೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಯಾವ ತರಹದ್ದು ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಅದು ಹುಟ್ಟಿನಿಂದ ಬಂದದ್ದು, ಅಪ್ಪ ಅಮ್ಮನಿಂದ ಬಂದದ್ದು. ಮೆಲನಿನ್ ತಯಾರಾಗಲು ಟೈರೋಸಿನೇಸ್ ಅನ್ನುವ ಕಿಣ್ವ ಬೇಕು. ತಯಾರಾದ ಬಣ್ಣ ಸುತ್ತಲಿನ ಕೋಶಗಳಿಗೆ ಹಂಚಿಹೋಗುತ್ತದೆ. ಆ ಕೋಶಗಳು ಮೆಲ್ಲಗೆ ಮೇಲೆ ಬಂದು, ಒಣಗಿ, ಉದುರುತ್ತವೆ. ತಳದಿಂದ ಮೇಲಕ್ಕೆ ಬರಲು ಸುಮಾರು ನಾಲ್ಕು ವಾರ ಬೇಕು.

ಈಗ ಲೆಕ್ಕ ಹಾಕಿ. ಒಂದು ಕ್ರೀಂ ಇವತ್ತೇ ಟೈರೋಸಿನೇಸನ್ನು ತಡೆಯಿತು ಅಂತ ಇಟ್ಟುಕೊಳ್ಳೋಣ. ಆಗಲೇ ಬಣ್ಣ ತುಂಬಿಕೊಂಡ ಕೋಶಗಳು ಉದುರಿ ಹೋಗಲು ತಿಂಗಳಾದರೂ ಬೇಕಲ್ವಾ? ಅದಕ್ಕೇ ಚರ್ಮದ ವೈದ್ಯರು ಯಾವ ಕಲೆಗೆ ಔಷಧ ಕೊಟ್ಟರೂ ಎರಡು ಮೂರು ತಿಂಗಳು ಕಾಯಲು ಹೇಳುತ್ತಾರೆ. ಅಷ್ಟು ಕಾದರೂ ಮಾಸುವುದು ಕಲೆ, ಬಂಗು, ಬಿಸಿಲಿಗೆ ಏರಿದ ಕಪ್ಪು. ಹುಟ್ಟಿನ ಬಣ್ಣವನ್ನು ಬದಲಿಸುವ ಸುರಕ್ಷಿತ ಕ್ರೀಂ ಇಲ್ಲ.

ಹಾಗಾದರೆ ವಾರದೊಳಗೆ ಬೆಳ್ಳಗೆ ಕಾಣಿಸುವುದು ಹೇಗೆ? ಅದಕ್ಕೆ ಇರುವ ದಾರಿಗಳು ಕೆಲವೇ. ಒಂದು ನಿರುಪದ್ರವಿ. ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಅನ್ನುವ ಬಿಳಿ ಪುಡಿ ಸೇರಿಸಿರುತ್ತಾರೆ. ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಳಿಯುವ ಬಿಳಿ ಸಫೇತ ಮಾಡುವ ಕೆಲಸವನ್ನೇ ಇದು ತೆಳುವಾಗಿ ಮಾಡುತ್ತದೆ, ಮುಖ ತೊಳೆದರೆ ಹೋಗುತ್ತದೆ. ಲೇಬಲ್ಲಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಕೆಲವೊಮ್ಮೆ 'ಸಿಐ 77891' ಅಂತ ಬರಿಯ ಸಂಖ್ಯೆಯಾಗಿ ಇರುತ್ತದೆ. ಇನ್ನೊಂದು, ಚರ್ಮದ ಮೇಲ್ಪದರವನ್ನೇ ಸುಲಿಯುವ ಜೋರಾದ ಆಮ್ಲಗಳು. ಉಳಿದ ಎರಡು ಸ್ಟೀರಾಯ್ಡ್ ಮತ್ತು ಪಾದರಸ. ನಿಜವಾದ ಅಪಾಯ ಇರುವುದು ಈ ಎರಡರಲ್ಲಿ.

ಡಬ್ಬಿಯ ಹಿಂಭಾಗ ಓದುವ ಕ್ರಮ

ಮೊದಲು ನ್ಯಾಯವಾದ ಪದಾರ್ಥಗಳನ್ನು ನೋಡಿಬಿಡೋಣ. ಅಂಗಡಿಯ ಹೆಸರುವಾಸಿ ಕ್ರೀಂಗಳಲ್ಲಿ ಹೆಚ್ಚಾಗಿ ಇರುವುದು ನಯಾಸಿನಮೈಡ್. ಇದು ಬಿ3 ವಿಟಮಿನ್ನಿನ ಒಂದು ರೂಪ. ಮೆಲನಿನ್ ತಯಾರಾಗುವುದನ್ನು ಇದು ತಡೆಯುವುದಿಲ್ಲ, ತಯಾರಾದ ಬಣ್ಣ ಪಕ್ಕದ ಕೋಶಗಳಿಗೆ ಹಂಚಿಹೋಗುವುದನ್ನು ಕಡಿಮೆ ಮಾಡುತ್ತದೆ. 2ರಿಂದ 5% ಇದ್ದರೆ, ಕೆಲವು ವಾರ ಬಿಡದೆ ಹಚ್ಚಿದರೆ, ಕಲೆ ಸ್ವಲ್ಪ ತಿಳಿಯಾಗುತ್ತದೆ. ಹೆಚ್ಚಿನವರಿಗೆ ಒಗ್ಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ನನ್ನನ್ನು ಕೇಳಿದರೆ, ಕೊಳ್ಳಲೇಬೇಕು ಅನ್ನುವವರು ಮೊದಲು ನೋಡಬೇಕಾದ ಹೆಸರು ಇದು.

ಸಿ ವಿಟಮಿನ್, ಆರ್ಬುಟಿನ್, ಅತಿಮಧುರದ ಸತ್ವ, ಒಂದು ಬಗೆಯ ಬೂಷ್ಟಿನಿಂದ ಸಿಗುವ ಕೋಜಿಕ್ ಆಮ್ಲ, ಇವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಟೈರೋಸಿನೇಸಿನ ಕೆಲಸ ತಗ್ಗಿಸುತ್ತವೆ. ಪರಿಣಾಮ ಸಾಧಾರಣ. ಕೋಜಿಕ್ ಆಮ್ಲ ಕೆಲವರಿಗೆ ಅಲರ್ಜಿ ಮಾಡುತ್ತದೆ. ಅದಕ್ಕೇ ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲೋ ಒಂದೆರಡು ದಿನ ಹಚ್ಚಿ ನೋಡಿ ಆಮೇಲೆ ಮುಖಕ್ಕೆ ಹಚ್ಚಬೇಕು. ಅಜೆಲೈಕ್ ಆಮ್ಲವನ್ನು ವೈದ್ಯರು ಮೊಡವೆಗೂ ಬಂಗಿಗೂ ಕೊಡುತ್ತಾರೆ, ಬಸುರಿಯರಿಗೂ ಕೊಡಬಹುದಾದ ಕೆಲವೇ ಔಷಧಗಳಲ್ಲಿ ಅದು ಒಂದು.

ಹೆಸರು ಇದೆ ಅಂದಮಾತ್ರಕ್ಕೆ ಬೇಕಾದಷ್ಟು ಇದೆ ಅಂತಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು, ಕಡಿಮೆ ಇರುವುದನ್ನು ಕೊನೆಗೆ ಬರೆಯಬೇಕು. 1%ಗಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಇಲ್ಲಿ ಒಂದು ಉಪಾಯ ಇದೆ. ಕ್ರೀಂ ಕೆಡದಂತೆ ಹಾಕುವ ಫಿನಾಕ್ಸಿಎಥನಾಲ್ ಅನ್ನುವ ವಸ್ತುವನ್ನು ಸಾಮಾನ್ಯವಾಗಿ 1%ಗಿಂತ ಹೆಚ್ಚು ಬಳಸುವುದಿಲ್ಲ. ಪಟ್ಟಿಯಲ್ಲಿ ಅದನ್ನು ಹುಡುಕಿ. ಡಬ್ಬಿಯ ಮುಂದೆ ದೊಡ್ಡದಾಗಿ ಚಿತ್ರ ಹಾಕಿದ ಕೇಸರಿ, ಅರಿಶಿನ, ಮುತ್ತಿನ ಪುಡಿ ಎಲ್ಲ ಅದರ ಆಚೆ, ಸುವಾಸನೆಯ ಪಕ್ಕದಲ್ಲಿ ಕೂತಿದ್ದರೆ, ಅವು ಇರುವುದು ಹೆಸರಿಗೆ ಮಾತ್ರ. ನಾವು ದುಡ್ಡು ಕೊಡುವುದು ಚಿತ್ರಕ್ಕೆ.

ಮುಂಭಾಗದ ಮಾತು ಬದಲಾಗುತ್ತಲೇ ಇರುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಬೇರೆ ಡಬ್ಬಿಗಳ ಮೇಲೂ ಈಗ 'ಫೇರ್‌ನೆಸ್' ಕಡಿಮೆಯಾಗಿ 'ಬ್ರೈಟ್', 'ಗ್ಲೋ', 'ರೇಡಿಯನ್ಸ್' ಬಂದಿವೆ. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಮುಖಕ್ಕೆ ಹೋಗುವುದು ಡಬ್ಬಿಯ ಹಿಂದೆ ಬರೆದ ಪಟ್ಟಿಯಲ್ಲಿ ಇರುವುದು.

ಮನೆಯಲ್ಲೇ ಇರುವ ಟ್ಯೂಬ್

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗಾಲ ಎಂಥದು ಅಂತ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ತೊಡೆಸಂದಿ, ಸೊಂಟ, ಕಂಕುಳಲ್ಲಿ ಗಜಕರ್ಣ ಶುರುವಾಗುತ್ತದೆ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಮುಲಾಮು ಕೊಡಿ" ಅಂದರೆ ಎಷ್ಟೋ ಸಲ ಸಿಗುವುದು ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯೋಟಿಕ್ ಮೂರೂ ಕೂಡಿಸಿದ ಟ್ಯೂಬ್. ಹಚ್ಚಿದ ಜಾಗ ಸುತ್ತಲಿನದಕ್ಕಿಂತ ಬೆಳ್ಳಗಾದದ್ದು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಅದು ಮುಖಕ್ಕೆ ಏರುತ್ತದೆ. ಅಕ್ಕನಿಂದ ತಂಗಿಗೆ, ತಂಗಿಯಿಂದ ಗೆಳತಿಗೆ ದಾಟುತ್ತದೆ.

ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲುಯೊಸಿನೊಲೋನ್. ಈ ಸ್ಟೀರಾಯ್ಡ್‌ಗಳ ಹೆಸರುಗಳನ್ನು ನೆನಪಿಟ್ಟುಕೊಂಡರೆ ಸಾಕು. ಇವು ಒಳ್ಳೆಯ ಔಷಧಗಳು, ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗೆ ವೈದ್ಯರಿಗೆ ಬೇಕೇ ಬೇಕು. ಮುಖಕ್ಕೆ ಹಚ್ಚಿದಾಗ ಇವು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಊತ ಇಳಿಸುತ್ತವೆ, ಬಣ್ಣದ ತಯಾರಿಯನ್ನೂ ತಗ್ಗಿಸುತ್ತವೆ. ಮೊಡವೆ ಮಾಯವಾಗಿ ಮುಖ ನುಣುಪಾಗಿ ತಿಳಿಯಾಗಿ ಕಾಣುತ್ತದೆ. ಅದೂ ಕೆಲವೇ ದಿನಗಳಲ್ಲಿ!

ಆಮೇಲಿನದು ಬೇರೆಯೇ ಕಥೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೆನ್ನೆಯಲ್ಲಿ ಸಣ್ಣ ಸಣ್ಣ ಕೆಂಪು ನರಗಳು ಎದ್ದು ಕಾಣುತ್ತವೆ. ಗಲ್ಲದ ಮೇಲೆ ಕೂದಲು ಬರುತ್ತದೆ, ಮೊಡವೆ ಮೊದಲಿಗಿಂತ ಜಾಸ್ತಿಯಾಗುತ್ತದೆ. ಬಿಸಿಲಿಗೆ ಹೋದರೆ ಉರಿ. ಹೆದರಿ ನಿಲ್ಲಿಸಿದರೆ ಮುಖ ಕೆಂಪಾಗಿ, ಸುಟ್ಟಂತೆ ಉರಿದು, ತುರಿಸುತ್ತದೆ. ಮತ್ತೆ ಹಚ್ಚಿದರೆ ಮಾತ್ರ ಸಮಾಧಾನ. ಹೀಗೆ ಬಿಡಲಾಗದ ಚಟ ಹಿಡಿಯುತ್ತದೆ. ಭಾರತದ ಚರ್ಮವೈದ್ಯರು ಇದನ್ನು ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಅಂತಲೇ ಪ್ರತ್ಯೇಕ ಹೆಸರಿಟ್ಟು ಗುರುತಿಸಬೇಕಾಯಿತು, ಅಷ್ಟು ಜನ ಬರುತ್ತಿದ್ದರು. ಅವರ ಒತ್ತಾಯದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕಾನೂನು ಇದೆ. ಚೀಟಿ ಕೇಳುವ ಅಭ್ಯಾಸ ಮಾತ್ರ ಇನ್ನೂ ಎಲ್ಲ ಕೌಂಟರುಗಳಿಗೆ ಬಂದಿಲ್ಲ.

ಇದರ ಒಡಹುಟ್ಟು ಇನ್ನೊಂದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಮೊಮೆಟಾಸೋನ್ ಕೂಡಿಸಿದ ಬಂಗಿನ ಮುಲಾಮು. ವೈದ್ಯರು ಇಂಥದ್ದನ್ನು ಕೆಲವು ವಾರಕ್ಕೆ ಮಾತ್ರ ಬರೆಯುತ್ತಾರೆ. ಜನ ಅದೇ ಹಳೆಯ ಖಾಲಿ ಟ್ಯೂಬ್ ತೋರಿಸಿ ವರ್ಷಗಟ್ಟಲೆ ಕೊಳ್ಳುತ್ತಾರೆ. ಹೈಡ್ರೋಕ್ವಿನೋನ್ ಕಲೆಗೆ ಬಹಳ ಪರಿಣಾಮಕಾರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿತಿಮೀರಿ ಬಹುಕಾಲ ಹಚ್ಚಿದರೆ ಒಕ್ರೊನೋಸಿಸ್ ಅನ್ನುವ ತೊಂದರೆ ಬರಬಹುದು. ಬೆಳ್ಳಗಾಗಬೇಕಾದ ಜಾಗವೇ ನೀಲಿಗಪ್ಪಾಗುತ್ತದೆ, ಅದನ್ನು ತೆಗೆಯುವುದು ಬಹಳ ಕಷ್ಟ. ಯುರೋಪಿನಲ್ಲಿ ಬೆಳ್ಳಗಾಗುವ ಸೌಂದರ್ಯ ಕ್ರೀಂಗಳಲ್ಲಿ ಇದನ್ನು ಹಾಕುವಂತಿಲ್ಲ. ಅಮೆರಿಕದಲ್ಲಿ 2020ರಿಂದ ಚೀಟಿ ಇಲ್ಲದೆ ಸಿಗುವುದಿಲ್ಲ.

ದೊಡ್ಡ ಕಂಪನಿಯದ್ದಾದರೆ ಭಯವಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಜಪಾನಿನ ಕನೆಬೋ ಕಂಪನಿ ರೋಡೋಡೆನಾಲ್ ಅನ್ನುವ ಹೊಸ ಪದಾರ್ಥದ ಕ್ರೀಂಗಳನ್ನು ಸರ್ಕಾರದ ಅನುಮತಿ ಪಡೆದೇ ಮಾರುತ್ತಿತ್ತು. ಹಚ್ಚಿದ ಸಾವಿರಾರು ಜನರಿಗೆ ತೊನ್ನಿನಂಥ ಬಿಳಿ ಮಚ್ಚೆ ಬಂತು. 2013ರಲ್ಲಿ ಎಲ್ಲವನ್ನೂ ವಾಪಸ್ ಪಡೆಯಬೇಕಾಯಿತು.

ಪಟ್ಟಿಯಲ್ಲಿ ಕಾಣದ ಪಾದರಸ

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಪಾದರಸ. ಸ್ಟೀರಾಯ್ಡ್ ಕನಿಷ್ಠ ಮುಖದಲ್ಲೇ ತನ್ನ ಗುರುತು ತೋರಿಸುತ್ತದೆ. ಪಾದರಸ ಮುಖವನ್ನು ಚೆಂದ ಮಾಡುತ್ತಲೇ ಒಳಗೆ ಕಿಡ್ನಿ ಕೆಡಿಸುತ್ತದೆ.

ಟೈರೋಸಿನೇಸ್ ಕೆಲಸ ಮಾಡಲು ಅದರಲ್ಲಿ ತಾಮ್ರ ಇರಬೇಕು. ಪಾದರಸದ ಲವಣ ಆ ತಾಮ್ರದ ಜಾಗಕ್ಕೆ ಬಂದು ಕೂರುತ್ತದೆ, ಕಿಣ್ವ ಸುಮ್ಮನಾಗುತ್ತದೆ. ಬಣ್ಣ ಬೇಗ ಇಳಿಯುತ್ತದೆ. ಕೊಂಡವರಿಗೆ ಖುಷಿ, ಮಾರಿದವರಿಗೆ ಹೆಸರು. ಆದರೆ ಚರ್ಮದ ಮೂಲಕ ಒಳಹೋದ ಪಾದರಸ ಮುಖ್ಯವಾಗಿ ಸೇರುವುದು ಕಿಡ್ನಿಯನ್ನು.

ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು ಗಮನಿಸಿದ್ದನ್ನು ನೋಡಿ. 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಅವರು ಮೆಂಬ್ರೇನಸ್ ನೆಫ್ರೋಪಥಿ ಅನ್ನುವ ಕಾಯಿಲೆಯ 22 ಜನರನ್ನು ಅಭ್ಯಾಸ ಮಾಡಿದರು. ಈ ಕಾಯಿಲೆಯಲ್ಲಿ ಕಿಡ್ನಿಯ ಸೋಸುವ ಪೊರೆ ಹಾಳಾಗಿ ಪ್ರೋಟೀನು ಮೂತ್ರದಲ್ಲಿ ಸೋರಿಹೋಗುತ್ತದೆ. 22ರಲ್ಲಿ 15 ಜನರಿಗೆ ಇದ್ದದ್ದು ನೆಲ್-1 ಅನ್ನುವ ಅಪರೂಪದ ಬಗೆ. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಂ ಹಚ್ಚುತ್ತಿದ್ದರು. ಸಮಾಧಾನದ ಸಂಗತಿಯೂ ಇದೆ, ಕ್ರೀಂ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಇದಾದ ಮೇಲೆ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಅನ್ನುವ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗೇ ಇಳಿಯಿತು.

ಮಲಪ್ಪುರಂ ನಮಗೆ ದೂರದ ಊರಲ್ಲ. ಅದೇ ಕಡಲ ದಂಡೆ, ಅದೇ ರೈಲು ಹಳಿ. ಅಲ್ಲಿಯಂತೆಯೇ ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫ್‌ನಲ್ಲಿ ದುಡಿಯುತ್ತಾರೆ. ಊರಿಗೆ ಬರುವಾಗ ಚಾಕಲೇಟು, ಸೆಂಟಿನ ಜೊತೆ ಕ್ರೀಂ ಡಬ್ಬಿಯೂ ಬರಬಹುದು. ಪ್ರೀತಿಯಿಂದಲೇ ತಂದಿರುತ್ತಾರೆ. ಆದರೆ ಹಾಗೆ ಬಂದ ಡಬ್ಬಿಯನ್ನು ಇಲ್ಲಿ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲಿ 'ನೈಟ್ ಕ್ರೀಂ' ಅಂತ ಮಾರುವ ಲೇಬಲ್ಲಿಲ್ಲದ ಪುಟ್ಟ ಡಬ್ಬಿಗಳದ್ದೂ ಇದೇ ಪಾಡು.

ಪ್ರಮಾಣ ಎಷ್ಟಿರುತ್ತದೆ ಅನ್ನುವುದು ಮುಖ್ಯ. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಇಂಥ ಕ್ರೀಂಗೆ ಪಾದರಸ ಹಾಕುವಂತೆಯೇ ಇಲ್ಲ. ತಪ್ಪಿ ಸೇರಿಕೊಂಡರೂ ಹತ್ತು ಲಕ್ಷ ಭಾಗಕ್ಕೆ 1 ಭಾಗ ಮೀರಬಾರದು. ಪಾದರಸದ ಕ್ರೀಂಗಳಲ್ಲಿ ಅದರ ಲವಣ 1ರಿಂದ 10% ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1% ಅಂದರೆ ಹತ್ತು ಲಕ್ಷಕ್ಕೆ 10,000 ಭಾಗ. ಮಿತಿ ಎಲ್ಲಿ, ಇದು ಎಲ್ಲಿ!

ಹಚ್ಚಿದವರಿಗೆ ಮಾತ್ರ ಅಪಾಯ ಅಂತಲೂ ಇಲ್ಲ. ಪಾದರಸ ಆವಿಯಾಗುತ್ತದೆ, ದಿಂಬು, ಟವೆಲ್ಲಿಗೆ ಅಂಟುತ್ತದೆ. ಕ್ರೀಂ ಮುಟ್ಟದ ಮಕ್ಕಳ ಮೂತ್ರದಲ್ಲೂ ಪಾದರಸ ಸಿಕ್ಕಿದ ಪ್ರಕರಣಗಳಿವೆ. ಬಸುರಿ ಹಚ್ಚಿದರೆ ಹೊಟ್ಟೆಯ ಕೂಸಿಗೆ ತಲುಪುತ್ತದೆ. ಮದುವೆಗೆ ಮುಂಚೆ ಹಚ್ಚಲು ಶುರು ಮಾಡಿ ಮದುವೆಯಾದ ಮೇಲೂ ಬಿಡದವರು ಇದನ್ನು ಖಂಡಿತ ತಿಳಿದಿರಬೇಕು.

ಪಟ್ಟಿಯಲ್ಲಿ ಪಾದರಸದ ಹೆಸರು ಇರುವುದೇ ಅಪರೂಪ. ಇದ್ದರೂ ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್, ಅಮೋನಿಯೇಟೆಡ್ ಮರ್ಕ್ಯುರಿ, ಮರ್ಕ್ಯುರಿಕ್ ಅಯೋಡೈಡ್ ಅಂತ ಇರಬಹುದು. ಕೆಲವು ಡಬ್ಬಿಗಳ ಮೇಲೆ ಒಂದು ವಿಚಿತ್ರ ಎಚ್ಚರಿಕೆ ಇರುತ್ತದೆ: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರ್ ಮುಟ್ಟಿಸಬೇಡಿ, ಆಭರಣ ತೆಗೆದು ಹಚ್ಚಿ. ಪಾದರಸ ಚಿನ್ನದ ಜೊತೆ ಬೆರೆಯುತ್ತದೆ ಅನ್ನುವುದು ಅಕ್ಕಸಾಲಿಗರಿಗೆಲ್ಲ ಗೊತ್ತು. ತಾಳಿ ಕೆಡುತ್ತದೆ ಅಂತ ಎಚ್ಚರಿಸುವ ಕ್ರೀಂ ಕುತ್ತಿಗೆಗೆ ಒಳ್ಳೆಯದು ಮಾಡುತ್ತದೆಯೇ?

ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲೇ ಸೇರಿದೆ. ಪಾದರಸ ಸೇರಿಸಿದ ಸೌಂದರ್ಯ ಸಾಮಗ್ರಿಗಳನ್ನು 2025ರ ಹೊತ್ತಿಗೆ ಪೂರ್ತಿ ನಿಲ್ಲಿಸಬೇಕು ಅಂತ 2023ರಲ್ಲಿ ಒಪ್ಪಂದದ ದೇಶಗಳು ತೀರ್ಮಾನ ಮಾಡಿವೆ. ಗಡಿ ದಾಟಿ ಕೈಯಿಂದ ಕೈಗೆ ಬರುವ ಡಬ್ಬಿಗೆ ಈ ತೀರ್ಮಾನ ತಾನಾಗಿ ತಲುಪುವುದಿಲ್ಲ.

ಬಿಸಿಲನ್ನು ಬಿಟ್ಟು ಮಾತಾಡುವಂತಿಲ್ಲ

ತದಡಿ, ಹೊನ್ನಾವರದ ಕಡೆ ಮೀನು ಒಣಗಿಸುವ ಹೆಂಗಸರು, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ದುಡಿಯುವವರು, ಅಂಕೋಲೆಯ ರಸ್ತೆಬದಿ ತರಕಾರಿ ಮಾರುವ ಹಾಲಕ್ಕಿ ಅಜ್ಜಿಯರು, ಇವರ ಮುಖಕ್ಕೆ ಬೀಳುವ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಒಣ ಮರಳು ನೇರಳಾತೀತ ಕಿರಣಗಳ ಸುಮಾರು 15% ಭಾಗವನ್ನು ವಾಪಸ್ ಮುಖಕ್ಕೆ ಎಸೆಯುತ್ತದೆ, ಕಡಲ ನೊರೆ ಸುಮಾರು 25%. ತೆಳು ಮೋಡ ಇದ್ದರೂ ಕಿರಣ ನಿಲ್ಲುವುದಿಲ್ಲ. ಇಂಥಲ್ಲಿ ಮೆಲನಿನ್ ಒಂದು ರಕ್ಷಣೆ. ಅದನ್ನು ಇಳಿಸಿಕೊಂಡು ಬಿಸಿಲಿಗೆ ಹೋದರೆ ಚರ್ಮ ಇನ್ನೂ ಜೋರಾಗಿ ಬಣ್ಣ ತಯಾರಿಸುತ್ತದೆ. ಬಂಗು ಇರುವವರಂತೂ ಬಿಸಿಲಿನ ರಕ್ಷಣೆ ಇಲ್ಲದೆ ಎಷ್ಟು ದುಬಾರಿ ಕ್ರೀಂ ಹಚ್ಚಿದರೂ ಅದು ಮರಳಿ ಬರುತ್ತದೆ.

ಹಾಗಾಗಿ ಕ್ರೀಂಗೆ ಇಟ್ಟ ದುಡ್ಡನ್ನು ಮೊದಲು ಸನ್‌ಸ್ಕ್ರೀನ್‌ಗೆ ಹಾಕುವುದು ಮೇಲು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಅಥವಾ ಹೆಚ್ಚಿನದು, ಮುಖ ಕುತ್ತಿಗೆಗೆ ಎರಡು ಬೆರಳುದ್ದ, ಹೊರಗಿದ್ದರೆ ಎರಡು ತಾಸಿಗೊಮ್ಮೆ. ಬಂಗಿಗೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ, ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಮೈಬಣ್ಣದವರಲ್ಲಿ ಕಪ್ಪು ಹೆಚ್ಚಿಸುತ್ತದೆ. ದಿನವಿಡೀ ಬೆವರುವವರಿಗೆ ಇದು ಸುಲಭವಲ್ಲ, ಅಗ್ಗವೂ ಅಲ್ಲ. ಅವರಿಗೆ ಅಗಲ ಅಂಚಿನ ಟೊಪ್ಪಿಯೋ ತಲೆಮೇಲಿಂದ ಮುಂದೆ ಎಳೆದ ಸೆರಗೋ ಹೆಚ್ಚು ನೆರವಾಗುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು ಮಾತ್ರ ಬೇಡ. ಅದರಿಂದ ಚರ್ಮ ಸುಟ್ಟು ಕಪ್ಪು ಕಲೆ ನಿಲ್ಲುತ್ತದೆ. ಮನೆಯ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಬಹಳ ಒಳ್ಳೆಯದು, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣದ ಬಗ್ಗೆ ಮಾತಾಡುವುದು ನಿಲ್ಲುವ ತನಕ ಈ ವ್ಯಾಪಾರ ನಿಲ್ಲುವುದಿಲ್ಲ ಅಂತ ನನಗೆ ಗೊತ್ತು. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಈಗ ಹುಡುಗರೂ ಕದ್ದು ಹಚ್ಚುತ್ತಾರೆ. ಅವರ ಕೈಗೆ ಸಿಗುವ ಡಬ್ಬಿ ವಿಷವಾಗಿರಬಾರದು, ನನ್ನ ಒತ್ತಾಯ ಅಷ್ಟೇ.

ಅದಕ್ಕೆ ಔಷಧ ನಿಯಂತ್ರಣ ಇಲಾಖೆ ಮಾಡಬೇಕಾದ್ದು ಇದೆ. ಕೇರಳದಂತೆ ನಮ್ಮ ಜಿಲ್ಲೆಯಲ್ಲೂ ಫ್ಯಾನ್ಸಿ ಸ್ಟೋರ್, ಬ್ಯೂಟಿ ಪಾರ್ಲರ್, ಜಾತ್ರೆಯ ಅಂಗಡಿಗಳಿಂದ ಮಾದರಿ ತೆಗೆದು ಪಾದರಸದ ಪರೀಕ್ಷೆ ಮಾಡಿಸಬೇಕು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೆ ಎಲ್ಲೆಲ್ಲಿಂದಲೋ ಸಾಮಾನು ಬರುತ್ತದೆ, ಅಲ್ಲಿಂದಲೇ ಶುರು ಮಾಡಬಹುದು. ಸರ್ಕಾರ ಮಾಡುವ ತನಕ ಕಾಯಬೇಕಾಗಿಯೂ ಇಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮಿನ ಪ್ರಕಾರ ಯಾರು ಬೇಕಾದರೂ ತಾವು ಕೊಂಡ ಕ್ರೀಂ ಅನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಮಹಿಳಾ ಸಂಘವೋ ಕಾಲೇಜೋ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಸುಳ್ಳು ಜಾಹೀರಾತಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊಳ್ಳುವಾಗ ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ ನೋಡಬೇಕು. ವಿದೇಶದ್ದಾದರೆ ಆಮದುದಾರರ ಹೆಸರು, ನೋಂದಣಿ ಸಂಖ್ಯೆ ಇರಬೇಕು. ಇವಿಲ್ಲದ ಡಬ್ಬಿ ಯಾರು ಕೊಟ್ಟರೂ ಬೇಡ.

ಈಗಾಗಲೇ ಅಂಥ ಕ್ರೀಂ ತಿಂಗಳುಗಟ್ಟಲೆ ಹಚ್ಚಿದವರು ಗಾಬರಿ ಆಗಬೇಕಿಲ್ಲ, ಇವತ್ತೇ ನಿಲ್ಲಿಸಿ. ಸ್ಟೀರಾಯ್ಡ್ ಅನುಮಾನ ಇದ್ದರೆ ಮಾತ್ರ ಚರ್ಮದ ವೈದ್ಯರನ್ನು ಕಂಡು ಹಂತಹಂತವಾಗಿ ಬಿಡಿ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಳ್ಳುವುದು, ಸಂಜೆ ಕಾಲು ಊದುವುದು, ಮೂತ್ರದಲ್ಲಿ ನೊರೆ ನಿಲ್ಲುವುದು ಕಂಡರೆ ತಡಮಾಡಬೇಡಿ. ಏನೂ ಕಾಣದಿದ್ದರೂ ತಾಲೂಕು ಆಸ್ಪತ್ರೆಯಲ್ಲೋ ಕಾರವಾರದ ಸರ್ಕಾರಿ ಕ್ರಿಮ್ಸ್ ಆಸ್ಪತ್ರೆಯಲ್ಲೋ ಒಮ್ಮೆ ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಿ. ಅದು ಸಣ್ಣ ಪರೀಕ್ಷೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೇಳುತ್ತಿರುವ ಈ ಜಿಲ್ಲೆಯಲ್ಲಿ, ಕಿಡ್ನಿ ಕೆಟ್ಟ ಮೇಲೆ ಹುಬ್ಬಳ್ಳಿ, ಮಣಿಪಾಲಕ್ಕೆ ಅಲೆಯುವುದು ಸಣ್ಣ ಮಾತಲ್ಲ. ವೈದ್ಯರ ಹತ್ತಿರ ಹೋಗುವಾಗ ಕ್ರೀಂ ಹಚ್ಚಿದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ಕೇಳದಿದ್ದರೂ ಹೇಳಿ. ಡಬ್ಬಿಯನ್ನು ಎಸೆಯದೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಕಾಯಿಲೆಯ ಮೂಲ ಹುಡುಕಲು ಅವರಿಗೆ ಅದು ಬೇಕಾಗುತ್ತದೆ.